ಶ್ಯಾನುಭೋಗರು ಕಾಣೆ: ತನಿಖೆ ಆಟದಲ್ಲಿ ದಾಳ ಎಲ್ಲಿ ಹಾಕಿಸೋದು, ಎಲ್ಲಿ ಬಿಡೋದು?

ಕೀಪರ್_ಮಲೆನಾಡು

ಕಾಲ್ ಆಫ್ ಕ್ತುಲು 7ನೇ ಆವೃತ್ತಿ ಆಡಿಸ್ತಿದ್ದೇನೆ, ಪಾತ್ರ ವಹಿಸಿ ಆಡೋ ಭಯದ ತನಿಖೆ ಆಟ; ಆಡಿಸೋರಿಗೆ ಕೀಪರ್ ಅಂತಾರೆ. ಸ್ಕಿಲ್ ಅಂಕ ನೂರರ ಲೆಕ್ಕದಲ್ಲಿ, ಶೇಕಡಾ ದಾಳ ಆ ಅಂಕಕ್ಕೆ ಸಮ ಅಥವಾ ಕೆಳಗೆ ಬಿದ್ದರೆ ಗೆಲುವು. ನಾಲ್ಕು ಜನ ಆಟಗಾರರು, ಇಬ್ಬರು ಡಿ&ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್) ಆಡಿ ರೂಢಿ ಇರೋರು, ಇಬ್ಬರು ಹೊಸಬರು. ಒಂದೇ ಸಲ ಕೂತು ಮುಗಿಸಬೇಕು, ಇರೋದು ಮೂರೂವರೆ ಗಂಟೆ.

ಕತೆ 1926ರ ಮೈಸೂರು ಸಂಸ್ಥಾನದ್ದು. ಚಿಕ್ಕಮಗಳೂರು ಕಡೆ ಒಂದು ಕಾಫಿ ತೋಟದ ಊರು. ಶ್ಯಾನುಭೋಗರು ಮೂರು ದಿನದಿಂದ ಕಾಣೆ, ಲೆಕ್ಕದ ಪುಸ್ತಕವೂ ಇಲ್ಲ. ಅಮಲ್ದಾರರು ಕಳಿಸಿದ ನಾಲ್ವರು ವಿಚಾರಿಸೋಕೆ ಬರ್ತಾರೆ.

ಈಗ ಬರೆದಿಟ್ಟಿರೋ ಸರಪಳಿ ಹೀಗಿದೆ. ಮನೆಯಲ್ಲಿ ಸ್ಪಾಟ್ ಹಿಡನ್ (ಅಡಗಿದ್ದನ್ನ ಗುರುತಿಸೋದು) ಗೆದ್ದರೆ ಬೀಗದ ಕೈ. ಆ ಕೈಯಿಂದ ಚಾವಡಿಯ ಪೆಟ್ಟಿಗೆ ತೆರೆದು ಲೈಬ್ರರಿ ಯೂಸ್ (ಕಾಗದಪತ್ರದಲ್ಲಿ ಹುಡುಕೋದು) ಗೆದ್ದರೆ ಕಡತದಲ್ಲಿ ಪಾಳುಮನೆಯ ಸರ್ವೆ ನಂಬರ್. ತೋಟದ ರೈಟರ್ (ಲೆಕ್ಕ ಬರೆಯೋನು) ಹತ್ರ ಪರ್ಸ್ವೇಡ್ (ಮಾತಲ್ಲಿ ಒಪ್ಪಿಸೋದು) ಗೆದ್ದರೆ ಅಲ್ಲಿಗೆ ಹೋಗೋ ದಾರಿ. ಮೂರರಲ್ಲಿ ಒಂದು ಸೋತರೂ ಕತೆ ಅಲ್ಲೇ ನಿಲ್ಲುತ್ತೆ. ಹಾಗಂತ ದಾಳವೇ ಬೇಡ ಅಂದರೆ, ಪಾಯಿಂಟ್ ಹಾಕಿ ಆ ಸ್ಕಿಲ್ ಬೆಳೆಸಿಕೊಂಡವರಿಗೆ ಏನು ಸಿಕ್ಕ ಹಾಗಾಯ್ತು? ಎಲ್ಲಿ ಹಾಕಿಸಬೇಕು, ಎಲ್ಲಿ ಬಿಡಬೇಕು ಅಂತ ತಿಳಿದೋರು ಹೇಳಿ.

ಶೇಕಡಾಲೆಕ್ಕ

ಮೊದಲು ಆ ಸರಪಳಿಯ ಲೆಕ್ಕ ಹಾಕೋಣ ಸರ್. ಪ್ರತಿ ಕೆಲಸಕ್ಕೂ ತಂಡದಲ್ಲಿ 60 ಇರೋರು ಒಬ್ಬರಿದ್ದಾರೆ, ಅವರೊಬ್ಬರೇ ದಾಳ ಹಾಕ್ತಾರೆ ಅಂದುಕೊಳ್ಳಿ. 0.6ನ್ನು ಮೂರು ಸಲ ಗುಣಿಸಿದರೆ 0.216. ನೂರಕ್ಕೆ 22 ಸಲ ಮಾತ್ರ ಪಾಳುಮನೆ ಮುಟ್ಟುತ್ತೀರಿ.

ನಾಲ್ವರೂ ಹಾಕಲಿ ಅಂತ ಬಿಟ್ಟರೂ ನೋಡಿ. ಉಳಿದ ಮೂವರಿಗೆ ಮೂಲ ಅಂಕವಷ್ಟೇ ಇದ್ದರೆ ಸ್ಪಾಟ್ ಹಿಡನ್ 25, ಲೈಬ್ರರಿ ಯೂಸ್ 20, ಪರ್ಸ್ವೇಡ್ 10. ಒಬ್ಬರಾದರೂ ಗೆಲ್ಲೋ ಸಾಧ್ಯತೆ ಶೇ. 83, 80, 71. ಮೂರೂ ಒಟ್ಟಿಗೆ ಆಗೋದು ಶೇ. 47. ಅರ್ಧ ಸಲವೂ ಇಲ್ಲ. ಇನ್ನು ಪುಶ್ (ಸೋತ ದಾಳವನ್ನ ಅಪಾಯ ಒಪ್ಪಿ ಮತ್ತೊಮ್ಮೆ ಹಾಕೋದು) ಮಾಡಲು ಬಿಟ್ಟರೆ 60 ಇರೋರಿಗೆ 84 ಆಗುತ್ತೆ, ಮೂರು ಸಲಕ್ಕೆ 59. ಅಂದರೆ ದಾಳವನ್ನ ಎಷ್ಟು ಸಡಿಲ ಮಾಡಿದರೂ ಸರಪಳಿಯ ರೋಗ ವಾಸಿಯಾಗಲ್ಲ.

ನಾಲ್ವರೂ ಹಾಕೋದರಿಂದ ಇನ್ನೊಂದು ಕೆಡುಕು ಇದೆ. 60 ಇರೋರು ಸೋತು, 25 ಇರೋರು ಕಂಡುಹಿಡಿದರೆ ಪರಿಣತಿಗೆ ಬೆಲೆಯೇ ಇಲ್ಲದಂತಾಗುತ್ತೆ. ಆಮೇಲೆ ಪ್ರತಿ ಸಲ "ನಾನೂ ಹಾಕ್ತೀನಿ" ಶುರು. ನೀವು ಕೇಳಿದ "ಸ್ಕಿಲ್‌ಗೆ ಏನು ಬೆಲೆ" ಅನ್ನೋ ಪ್ರಶ್ನೆ ದಾಳ ಹಾಕಿಸಿದಾಗಲೂ ಹಾಗೇ ಉಳಿಯುತ್ತೆ.

ಹುಬ್ಬಳ್ಳಿ_ಜಿಎಂ

ದಾಳ ಕೈಯಾಗ ಕೊಡೂಕಿಂತ ಮೊದಲ ಮೂರು ಪ್ರಶ್ನೆ ಕೇಳ್ಕೋರಿ. ಪಾತ್ರಕ್ಕ ಏನು ಬೇಕಾಗೈತಿ? ಅದನ್ನ ಹೆಂಗ ಮಾಡ್ತಾನ? ಸೋತ್ರ ಏನಾಗ್ತೈತಿ? ಮೂರನೇದಕ್ಕ ಉತ್ತರ "ಏನೂ ಆಗಂಗಿಲ್ಲ" ಅಂತಿದ್ರ ದಾಳ ಹಾಕ್ಸಬ್ಯಾಡ್ರಿ, ಸುಮ್ನ ಕೊಟ್ಟುಬಿಡ್ರಿ. ಉತ್ತರ "ಆಟ ನಿಂತುಬಿಡ್ತೈತಿ" ಅಂತಿದ್ರೂ ಹಾಕ್ಸಬ್ಯಾಡ್ರಿ. ಇವೆರಡರ ನಡುವ ಇರೋದಕ್ಕ ಅಷ್ಟ ದಾಳ.

ಬರ್ನಿಂಗ್ ವೀಲ್ ಆಟದಾಗ ಲ್ಯೂಕ್ ಕ್ರೇನ್ ಇದನ್ನ ನಿಯಮಾನ ಮಾಡ್ಯಾರ. ಉದ್ದೇಶ ಒಂದು, ಅದಕ್ಕ ಮಾಡೋ ಕೆಲಸ ಇನ್ನೊಂದು, ಎರಡೂ ಬಾಯಿ ಬಿಟ್ಟು ಹೇಳಿದ ಮ್ಯಾಲ ದಾಳ. ಸೋತ್ರ ಏನಾಗ್ತೈತಿ ಅನ್ನೋದು ದಾಳ ಬೀಳೂಕಿಂತ ಮೊದಲ ಎಲ್ಲಾರಿಗೂ ಗೊತ್ತಿರಬೇಕು. ಅದರಾಗ ಇನ್ನೊಂದು ನಿಯಮ ಐತಿ, ಒಮ್ಮೆ ಬಿದ್ದ ದಾಳ ಪರಿಸ್ಥಿತಿ ಬದಲಾಗೂ ತನಕ ನಿಲ್ತೈತಿ. ಮನಿ ಹುಡುಕೂದಕ್ಕ ಒಂದ ದಾಳ. ಖೋಲಿಗೊಂದು, ಪೆಟಿಗಿಗೊಂದು ಅಂತ ಕೇಳಬ್ಯಾಡ್ರಿ. ಮತ್ತ ಮತ್ತ ಹಾಕಿಸಿದ್ರ ಸೋಲು ಬರೋ ತನಕ ಹಾಕಿಸಿದಂಗ ಆಗ್ತೈತಿ.

ಮೂರು_ಎಳೆ

ಸರಪಳಿಯನ್ನ ಬಿಚ್ಚಿ ಬಲೆ ಮಾಡಬೇಕು. ಜಸ್ಟಿನ್ ಅಲೆಕ್ಸಾಂಡರ್ ಜನಪ್ರಿಯಗೊಳಿಸಿದ ಮೂರು ಸುಳಿವಿನ ನಿಯಮ ಹೇಳೋದು ಇಷ್ಟೇ: ಆಟಗಾರರು ತಲುಪಲೇಬೇಕಾದ ಪ್ರತಿ ತೀರ್ಮಾನಕ್ಕೆ ಕನಿಷ್ಠ ಮೂರು ಸುಳಿವು ಇಡಿ. ಒಂದು ಅವರ ಕಣ್ಣಿಗೆ ಬೀಳಲ್ಲ, ಒಂದನ್ನ ತಪ್ಪಾಗಿ ಅರ್ಥ ಮಾಡಿಕೊಳ್ತಾರೆ, ಮೂರನೆಯದು ಕೈ ಹಿಡಿಯುತ್ತೆ.

ಬಹಳ ಜನ ಎಡವೋದು ಎಲ್ಲಿ ಅಂದರೆ, ಸುಳಿವಿನ ಪಟ್ಟಿಯನ್ನ ಮೊದಲು ಬರೀತಾರೆ. ತೀರ್ಮಾನದ ಪಟ್ಟಿ ಮೊದಲು ಬರಬೇಕು. ನಿಮ್ಮ ಕತೆಗೆ ಬೇಕಾಗಿರೋದು ಮೂರೇ ತೀರ್ಮಾನ. ಒಂದು, ಶ್ಯಾನುಭೋಗರು ಊರು ಬಿಟ್ಟು ಹೋಗಿಲ್ಲ, ರಾತ್ರಿ ತೋಟದ ಕಡೆ ಹೋದರು. ಎರಡು, ಲೆಕ್ಕದಲ್ಲಿ ಇಲ್ಲದ ಜಮೀನೊಂದು ಇದೆ. ಮೂರು, ಆ ಪಾಳುಮನೆಗೆ ಈಗಲೂ ಯಾರೋ ಹೋಗಿ ಬರ್ತಿದ್ದಾರೆ. ಬೀಗದ ಕೈ, ಸರ್ವೆ ನಂಬರ್ ಇವೆಲ್ಲ ಸಾಧನ ಮಾತ್ರ, ಕಳೆದರೂ ನಡೆಯುತ್ತೆ.

ಮೊದಲನೆಯದನ್ನೇ ತಗೊಳ್ಳಿ. ಮನೆಯೊಳಗೆ ಕಾಲಿಟ್ಟ ತಕ್ಷಣ, ದಾಳವೇ ಇಲ್ಲದೆ, ಕಣ್ಣಿಗೆ ಬೀಳೋದು: ಗೂಟದಲ್ಲಿ ಕೋಟು ಇದೆ, ರುಮಾಲು ಇದೆ, ಕೊಡೆ ಇದೆ, ಮೂಲೆಯಲ್ಲಿ ಪ್ರಯಾಣದ ಟ್ರಂಕು ಇದೆ. ಲಾಟೀನಿನ ಗೂಟ ಮಾತ್ರ ಖಾಲಿ, ಅದರ ಮೇಲಿನ ಗೋಡೆಯಲ್ಲಿ ಹೊಗೆಯ ಕರಿ. ಪೇಟೆಗೆ ಹೊರಟ ಸರ್ಕಾರಿ ಲೆಕ್ಕದ ಮನುಷ್ಯ ಕೋಟು ರುಮಾಲು ಬಿಟ್ಟು ಲಾಟೀನು ಹಿಡಿದು ಹೋಗಲ್ಲ. ಎರಡನೇ ಸುಳಿವು ಜನರ ಬಾಯಲ್ಲಿ: ಗಾಡಿ ಹೊಡೆಯೋನು "ಈ ವಾರ ಅವರ ಮನೆಗೆ ಗಾಡಿ ಕಟ್ಟೇ ಇಲ್ಲ" ಅಂತಾನೆ. ಮೂರನೆಯದು ಕಾಗದದಲ್ಲಿ: ಅಂಗಡಿಯ ಉದ್ರಿ ಪುಸ್ತಕದಲ್ಲಿ ಶ್ಯಾನುಭೋಗರ ಹೆಸರಿಗೆ ಸೀಮೆಎಣ್ಣೆ, ಎಂದಿನದಕ್ಕಿಂತ ನಾಲ್ಕು ಪಟ್ಟು, ಕಾಣೆಯಾದ ದಿನವೇ.

ಒಂದು ಕಣ್ಣಿಗೆ, ಒಂದು ಕಿವಿಗೆ, ಒಂದು ಓದಿಗೆ. ಮೂರೂ ಬೇರೆ ಬೇರೆ ಜಾಗದಲ್ಲಿ. ಮೂರನ್ನೂ ಒಂದೇ ಪೆಟ್ಟಿಗೆಯೊಳಗೆ ಇಟ್ಟರೆ ಅದು ಮೂರು ಸುಳಿವಲ್ಲ, ಪೆಟ್ಟಿಗೆ ಸಿಗದಿದ್ದರೆ ಮೂರೂ ಹೋದವು. ಉಳಿದೆರಡು ತೀರ್ಮಾನಕ್ಕೂ ಹೀಗೇ ಬರೆಯಿರಿ. ಒಂಬತ್ತು ಸಾಲು, ಅರ್ಧ ಹಾಳೆ. ಆಟದ ಹೊತ್ತಿನಲ್ಲಿ ಕೊಟ್ಟದ್ದಕ್ಕೆ ಟಿಕ್ ಹಾಕ್ತಾ ಹೋಗಿ. ಯಾವ ತೀರ್ಮಾನದ ಮುಂದೆ ಟಿಕ್ ಇಲ್ಲವೋ ಮುಂದಿನ ದೃಶ್ಯದಲ್ಲಿ ಅದನ್ನ ತಳ್ಳಿ.

ಹಳೇಬಾಗಿಲು

ಮೇಲಿನವರ ಮಾತು ಒಪ್ಪಿದರೂ ಒಂದು ಆಕ್ಷೇಪ ಇದೆ. ಎಲ್ಲವನ್ನೂ ತಟ್ಟೆಯಲ್ಲಿಟ್ಟು ಕೊಟ್ಟರೆ ಆಟಗಾರರು ಹುಡುಕುವುದನ್ನೇ ನಿಲ್ಲಿಸುತ್ತಾರೆ. ಸುಳಿವಿನ ಬೆಲೆ ದಾಳವಾಗಬೇಕಿಲ್ಲ, ಸರಿಯಾದ ಪ್ರಶ್ನೆಯಾಗಬಹುದು. "ಅಕ್ಕಿ ಡಬ್ಬದೊಳಗೆ ಕೈ ಹಾಕಿ ತಳ ಮುಟ್ಟುತ್ತೇನೆ" ಎಂದು ಆಟಗಾರ ಹೇಳಿದರೆ, ಬೀಗದ ಕೈ ಅಲ್ಲೇ ಇದ್ದರೆ, ಅವನಿಗೆ ಸಿಕ್ಕಿತು. ಸ್ಪಾಟ್ ಹಿಡನ್ 25 ಇರಲಿ, 80 ಇರಲಿ. "ಮನೆ ಹುಡುಕುತ್ತೇನೆ" ಎಂದಷ್ಟೇ ಹೇಳಿದವನಿಗೆ ದಾಳ.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ತಂದ ಮೊದಲ ಡಿ&ಡಿಯಲ್ಲಿ ಸ್ಕಿಲ್ ಪಟ್ಟಿ ಇರಲಿಲ್ಲ. ಗುಪ್ತ ಬಾಗಿಲಿಗೆ ಆರುಮುಖದ ದಾಳದಲ್ಲಿ 1 ಅಥವಾ 2, ಎಲ್ಫ್ ಆದರೆ 1ರಿಂದ 4, ಅಷ್ಟೇ. ಬೀಗ ತೆರೆಯುವ, ಬಲೆ ಬಿಡಿಸುವ ಶೇಕಡಾ ಅಂಕ ಬಂದದ್ದು 1975ರ ಗ್ರೇಹಾಕ್ ಪುರವಣಿಯಲ್ಲಿ, ಕಳ್ಳನ ಪಾತ್ರದ ಜೊತೆಗೆ. ಅದು ಬಂದ ಮೇಲೆ "ಕಳ್ಳನಿಗೆ ಮಾತ್ರ ಬಲೆ ಕಾಣುವುದು" ಎಂಬ ಭಾವನೆಯೂ ಬಂತು. ಪಟ್ಟಿಯಲ್ಲಿ ಬರೆದದ್ದನ್ನು ಬಿಟ್ಟು ಬೇರೇನೂ ಮಾಡುವ ಹಾಗಿಲ್ಲ ಎಂದು ಆಟಗಾರರು ತಿಳಿಯುವುದು ಸ್ಕಿಲ್ ಪಟ್ಟಿಯ ದೊಡ್ಡ ತೊಂದರೆ.

ಮೂರು_ಎಳೆ

@ಹಳೇಬಾಗಿಲು ಅವರೇ, ಡಬ್ಬದ ಉದಾಹರಣೆ ಸರಿ. ಆದರೆ ಪ್ರಶ್ನೆಯನ್ನೇ ಬೆಲೆ ಮಾಡಿದರೆ ಇನ್ನೊಂದು ಕಡೆ ಏಟು ಬೀಳುತ್ತೆ. ಮಾತುಗಾರ ಆಟಗಾರನಿಗೆ ಎಲ್ಲ ಸಿಗುತ್ತೆ, ಮೌನಿಯಾದವರು 80 ಅಂಕದ ಪತ್ತೇದಾರನ್ನ ಹಿಡಿದು ಸುಮ್ಮನೆ ಕೂರ್ತಾರೆ. ಹೊಸಬರು ಇಬ್ಬರಿದ್ದಾರೆ ಅಂದಿದ್ದಾರೆ ಕೀಪರ್. ಅವರಿಗೆ ಏನು ಕೇಳಬೇಕು ಅನ್ನೋದೇ ಗೊತ್ತಿರಲ್ಲ.

ಇದಕ್ಕೆ ರಾಬಿನ್ ಲಾಸ್ 2007ರಲ್ಲಿ ಗಮ್‌ಶೂ ಪದ್ಧತಿಯಲ್ಲಿ ಬೇರೆ ದಾರಿ ತೆಗೆದರು. ಕತೆ ಮುಂದೆ ಹೋಗೋಕೆ ಬೇಕಾದ ಮೂಲ ಸುಳಿವಿಗೆ ದಾಳ ಇಲ್ಲ. ಆ ಜಾಗದಲ್ಲಿ ಇರಬೇಕು, ತಕ್ಕ ತನಿಖಾ ಸಾಮರ್ಥ್ಯ ಇರಬೇಕು, ಬಳಸ್ತೀನಿ ಅನ್ನಬೇಕು, ಸಿಕ್ಕಿತು. ಅದರ ಮೇಲೆ ಹೆಚ್ಚಿನದು ಬೇಕಾದರೆ ಪಾಯಿಂಟ್ ಖರ್ಚು. ಆಗ ಸ್ಕಿಲ್ ಇರೋರಿಗೇ ಸುಳಿವು ಬರುತ್ತೆ, ಪರಿಣತಿಗೆ ಮರ್ಯಾದೆ ಉಳಿಯುತ್ತೆ.

ಕ್ತುಲುವಿನಲ್ಲಿ ಇದನ್ನ ಹೀಗೆ ಕೂರಿಸಬಹುದು. 50 ಅಥವಾ ಮೇಲಿದ್ದರೆ ಮೂಲ ಸುಳಿವು ದಾಳವಿಲ್ಲದೆ. ದಾಳ ಹಾಕೋದು ಅದರ ಆಚೆಗೆ: ಮಾಮೂಲಿ ಗೆಲುವಿಗೆ ಒಂದು ವಿವರ ಜಾಸ್ತಿ, ಅಂಕದ ಅರ್ಧ ಅಥವಾ ಕೆಳಗೆ ಬಿದ್ದ ಹಾರ್ಡ್ ಗೆಲುವಿಗೆ ಎರಡು, ಐದನೇ ಒಂದು ಅಥವಾ ಕೆಳಗೆ ಬಿದ್ದ ಎಕ್ಸ್‌ಟ್ರೀಮ್‌ಗೆ ಎದುರಾಳಿಯ ಬಗ್ಗೆ ಒಂದು ನಿಜ. ಕಡತದ ವಿಷಯದಲ್ಲಿ: ಸರ್ವೆ ನಂಬರ್ ಉಚಿತ. ಗೆದ್ದರೆ ಆ ಪುಟದ ಕೈಬರಹ ಬೇರೆಯವರದು ಅಂತ ಗೊತ್ತಾಗುತ್ತೆ. ಹಾರ್ಡ್ ಆದರೆ ಅದು ರೈಟರ್ ಕೈಬರಹ.

ತತ್ವದ_ಕಡೆಯಿಂದ

ಈ ಜಗಳ ಹಳೆಯದು. 1997ರ ಸುಮಾರಿಗೇ ಯೂಸ್‌ನೆಟ್ ಎಂಬ ಅಂತರ್ಜಾಲ ಚರ್ಚಾ ಗುಂಪಿನಲ್ಲಿ ಆಟದ ನಿರ್ಧಾರಗಳನ್ನು ಮೂರಾಗಿ ವಿಂಗಡಿಸಿದ್ದರು: ಕತೆ ಚೆನ್ನಾಗಿರಲಿ ಎಂದು ಮಾಡುವುದು, ಸವಾಲು ನ್ಯಾಯವಾಗಿರಲಿ ಎಂದು ಮಾಡುವುದು, ಆ ಲೋಕದಲ್ಲಿ ನಿಜಕ್ಕೂ ಏನಾಗುತ್ತಿತ್ತೋ ಅದನ್ನೇ ಮಾಡುವುದು. ರಾನ್ ಎಡ್ವರ್ಡ್ಸ್ ಆಮೇಲೆ ಇದರ ಮೇಲೆ ತಮ್ಮದೇ ಸಿದ್ಧಾಂತ ಕಟ್ಟಿದರು. ಆಟಗಾರರನ್ನು ಈ ಮೂರು ಜಾತಿಯಾಗಿ ಹಂಚಲು ಹೋದವರಿಗೆ ಅದು ಉಪಯೋಗಕ್ಕೆ ಬರಲಿಲ್ಲ. ಒಂದೊಂದು ದಾಳಕ್ಕೆ ಹಚ್ಚಿ ನೋಡಿದರೆ ಮಾತ್ರ ಉಪಯೋಗ. ಅಕ್ಕಿ ಡಬ್ಬದ ವಾದ ನ್ಯಾಯದ ಸವಾಲಿನದ್ದು, ಉಚಿತ ಸುಳಿವಿನ ವಾದ ಕತೆಯದ್ದು, "25 ಇರುವವನಿಗೆ ಹೇಗೆ ಕಂಡಿತು" ಎಂಬುದು ಲೋಕದ ನಿಜದ್ದು. ಒಂದೇ ಆಟದಲ್ಲಿ ಮೂರೂ ಬರುತ್ತವೆ. ಯಾವ ದೃಶ್ಯದಲ್ಲಿ ಯಾವುದನ್ನು ಮುಂದಿಡುತ್ತೀರಿ ಎಂದು ಮೊದಲೇ ಹೇಳಿಬಿಟ್ಟರೆ ಮೇಜಿನ ಮೇಲೆ ತಕರಾರು ಬರುವುದಿಲ್ಲ.

ಕೀಪರ್_ಮಲೆನಾಡು

ತೀರ್ಮಾನದ ಪಟ್ಟಿ ಬರೆದೆ, ದಾರಿ ಕಾಣ್ತಿದೆ. ಈಗ ಸೋಲಿನ ವಿಷಯ. "ಸೋತರೂ ಮುಂದೆ ಹೋಗಲಿ" ಅಂತ ಎಲ್ಲರೂ ಹೇಳ್ತಾರೆ. ಆದರೆ ಸೋತವರಿಗೂ ಗೆದ್ದವರಿಗೂ ಒಂದೇ ಸಿಕ್ಕರೆ ದಾಳ ಬರೀ ಸದ್ದು. ಸೋಲಿಗೆ ಏನು ಬೆಲೆ ಇಡೋದು?

ಹುಬ್ಬಳ್ಳಿ_ಜಿಎಂ

ನಾಲ್ಕು ನಮೂನಿ ಬೆಲೆ ಇಟ್ಕೋರಿ: ಹೊತ್ತು, ಸದ್ದು, ಸಾಮಾನು, ನಂಬಿಕಿ. ಎದುರಾಳಿ ಏನ್ ಮಾಡಾಕ ಹತ್ಯಾನ ಅನ್ನೋದನ್ನ ಒಂದು ಗಡಿಯಾರದಾಗ ಬರೀರಿ. ಜಾನ್ ಹಾರ್ಪರ್ ಅವರ ಬ್ಲೇಡ್ಸ್ ಇನ್ ದಿ ಡಾರ್ಕ್ ಆಟದಾಗ ಇದನ್ನ ಬಾಳ ಚಂದ ಮಾಡ್ಯಾರ, ವೃತ್ತ ಬರದು ನಾಲ್ಕು, ಆರು, ಎಂಟು ಹೋಳು. ನಿಮಗ ಆರು ಹೋಳಿಂದು ಸಾಕು, ಎಲ್ಲಾರಿಗೂ ಕಾಣೂ ಹಂಗ ಮೇಜಿನ ಮ್ಯಾಲ ಇಡ್ರಿ. ಹೆಸರು "ರೈಟರ್ ಪುಸ್ತಕ ಸುಡ್ತಾನ".

ಮನಿ ಹುಡುಕೂದು ಸೋತ್ರ: ಸುಳಿವು ಸಿಗ್ತೈತಿ, ಆದ್ರ ಕತ್ತಲಾತು, ಒಂದು ಹೋಳು ತುಂಬ್ರಿ. ಕಡತ ಓದೂದು ಸೋತ್ರ: ನಂಬರ್ ಸಿಗ್ತೈತಿ, ಆದ್ರ ಚಾವಡಿ ತಳವಾರ ನೋಡಿ ರೈಟರ್‌ಗೆ ಸುದ್ದಿ ಮುಟ್ಟಿಸಿದ, ಎರಡು ಹೋಳು. ಪುಶ್ ಮಾಡಿ ಸೋತ್ರ: ಎರಡು ಹೋಳು, ಮ್ಯಾಲ ಆ ಜಾಗಾಕ್ಕ ತಿರುಗಿ ಬರಾಕ ಆಗಂಗಿಲ್ಲ. ಆರೂ ತುಂಬಿದ್ರ ಪಾಳುಮನಿ ಮುಟ್ಟೂದ್ರಾಗ ಪುಸ್ತಕ ಬೂದಿ. ಅವರು ಮುಟ್ತಾರ, ಕತಿ ಮುಗೀತೈತಿ, ಆದ್ರ ಅಮಲ್ದಾರಗ ತೋರಿಸಾಕ ಕೈಯಾಗ ಏನೂ ಇರಂಗಿಲ್ಲ.

ಕೆಡೂದು ಎಲ್ಲಿ ಅಂದ್ರ, ಗಡಿಯಾರ ಬರದು ಅದನ್ನ ತುಂಬೂದ ಮರೀತಾರ. ಇಲ್ಲಾ ಐದು ಹೋಳಿಗೆ ಬಂದ ಮ್ಯಾಲ ಕರುಣಾ ಬಂದು ನಿಲ್ಲಿಸ್ತಾರ. ಒಮ್ಮೆ ನಿಲ್ಲಿಸಿದ್ರ ಆ ವೃತ್ತಕ್ಕ ಯಾರೂ ಹೆದರಂಗಿಲ್ಲ.

ಶೇಕಡಾಲೆಕ್ಕ

ಗೆಲುವು, ಬೆಲೆಯ ಜೊತೆ ಗೆಲುವು, ಸೋಲು ಅಂತ ಮೂರು ಮೆಟ್ಟಿಲು ಬೇಕಾದವರಿಗೆ ಹೋಲಿಕೆಗೆ ಒಂದು ಲೆಕ್ಕ. ವಿನ್ಸೆಂಟ್ ಬೇಕರ್, ಮೆಗ್ವೆ ಬೇಕರ್ ಅವರ ಅಪೋಕ್ಯಾಲಿಪ್ಸ್ ವರ್ಲ್ಡ್ (2010) ದಾರಿಯ ಆಟಗಳಲ್ಲಿ ಎರಡು ಆರುಮುಖದ ದಾಳ, 10 ಅಥವಾ ಮೇಲೆ ಪೂರ್ತಿ ಗೆಲುವು, 7ರಿಂದ 9 ಬೆಲೆಯ ಜೊತೆ, 6 ಅಥವಾ ಕೆಳಗೆ ಸೋಲು. ಏನೂ ಕೂಡಿಸದಿದ್ದರೆ ಶೇ. 17, 42, 42. +1 ಇದ್ದರೆ 28, 44, 28. +2 ಇದ್ದರೆ 42, 42, 17. ನಡುವಿನ ಮೆಟ್ಟಿಲು ಅಲುಗಾಡಲ್ಲ ನೋಡಿ, ಆ ಆಟಗಳಲ್ಲಿ ಸದಾ ಏನಾದರೊಂದು ತೊಡಕು ಬರೋದು ಇದರಿಂದಲೇ. ಇಪ್ಪತ್ತು ಮುಖದ ಒಂದೇ ದಾಳದಲ್ಲಿ ಪ್ರತಿ +1ಕ್ಕೆ ಸರಿಯಾಗಿ ಶೇ. 5, ನಡುವಿನ ಮೆಟ್ಟಿಲೇ ಇಲ್ಲ.

ಇನ್ನು ಕೀಪರ್ ಸರ್, ಪಾಳುಮನೆಗೆ ನಾಲ್ವರೂ ಸದ್ದಿಲ್ಲದೆ ಹೋಗೋ ದೃಶ್ಯ ಇದ್ದೇ ಇರುತ್ತೆ ಅನ್ಸುತ್ತೆ. ಅಲ್ಲಿ ನಾಲ್ವರಿಗೂ ಸ್ಟೆಲ್ತ್ ಹಾಕಿಸಬೇಡಿ. ಒಬ್ಬರಿಗೆ 60, ಉಳಿದವರಿಗೆ ಮೂಲ ಅಂಕ 20 ಅಂದರೆ ನಾಲ್ವರೂ ಗೆಲ್ಲೋದು 0.6 × 0.2 × 0.2 × 0.2, ಶೇ. ಅರ್ಧಕ್ಕಿಂತ ಕಡಿಮೆ. ಅದು ದಾಳ ಅಲ್ಲ, ಸಿಕ್ಕಿಬಿದ್ದಿರಿ ಅಂತ ಹೇಳೋ ಸುತ್ತುದಾರಿ. ಮುಂದೆ ಹೋಗೋರು ಒಬ್ಬರೇ ಹಾಕಲಿ, ಹಿಂದಿನವರಿಗಾಗಿ ಒಂದು ಪೆನಾಲ್ಟಿ ದಾಳ (ಹತ್ತರ ಸ್ಥಾನಕ್ಕೆ ಇನ್ನೊಂದು ದಾಳ, ಹೆಚ್ಚು ಬಂದದ್ದೇ ಲೆಕ್ಕಕ್ಕೆ) ಸೇರಿಸಿ. 60 ಇದ್ದದ್ದು ಶೇ. 36 ಆಗುತ್ತೆ. ಚಪ್ಪಲಿ ಕಳಚಿ, ಲಾಟೀನು ಆರಿಸಿ ಹೋಗ್ತೀವಿ ಅಂದರೆ ಪೆನಾಲ್ಟಿ ತೆಗೆಯಿರಿ. ಡಿ&ಡಿ 5ರಲ್ಲಿ ಗುಂಪಿನ ಅರ್ಧ ಜನ ಗೆದ್ದರೆ ಎಲ್ಲರೂ ಗೆದ್ದ ಹಾಗೆ ಅನ್ನೋ ನಿಯಮ ಇರೋದು ಇದೇ ಕಾರಣಕ್ಕೆ. ಅಲ್ಲಿ ಒಬ್ಬೊಬ್ಬರಿಗೂ 70 ಇದ್ದರೆ ಎಲ್ಲರೂ ಗೆಲ್ಲಬೇಕು ಅಂದಾಗ ಬರೀ 24, ಅರ್ಧ ಸಾಕು ಅಂದಾಗ 92.

ಕೊಡಗಿನ_ಕಿತ್ತಳೆ

ಮಾತಿನ ಸ್ಕಿಲ್ ಬಗ್ಗೆ ಯಾರೂ ಹೇಳಿಲ್ಲ. ಕನ್ನಡದಲ್ಲಿ ಆಡಿಸುವಾಗ ಇಲ್ಲಿ ಒಂದು ದೊಡ್ಡ ಅನುಕೂಲ ಇದೆ, ಬಿಡಬೇಡಿ. ಸೋಲನ್ನ "ಅವಳು ಹೇಳಲ್ಲ" ಅಂತ ಮುಚ್ಚಬೇಕಿಲ್ಲ, ಏಕವಚನ ಬಹುವಚನದಲ್ಲಿ ತೋರಿಸಬಹುದು.

ಶ್ಯಾನುಭೋಗರ ಮನೆಯವರ ಮಾತು ಹೀಗೆ ಶುರುವಾಗಲಿ: "ಬನ್ನಿ, ಒಳಗೆ ಬನ್ನಿ. ಕೂತ್ಕೊಳ್ಳಿ. ನೀರು ತರ್ತೀನಿ." ಗೆದ್ದರೆ ನೀರಿನ ಜೊತೆ ಬೆಲ್ಲ ಬರುತ್ತೆ, ಮಾತು "ಅವರು ಆವತ್ತು ಊಟಾನೂ ಸರಿಯಾಗಿ ಮಾಡ್ಲಿಲ್ಲ" ಅಂತ ತಾನಾಗಿ ಬಿಚ್ಚಿಕೊಳ್ಳುತ್ತೆ. ಸೋತರೆ ಆಕೆ ಬಾಗಿಲ ಚೌಕಟ್ಟು ಬಿಟ್ಟು ಕದಲಲ್ಲ: "ಏನಾಗಬೇಕಿತ್ತು?" ಕೇಳಿದ್ದಕ್ಕಷ್ಟೇ ಉತ್ತರ, ಕೂರಿ ಅನ್ನಲ್ಲ. ಲಾಟೀನಿನ ಗೂಟ ಬಾಗಿಲಿಂದಲೇ ಕಾಣುತ್ತೆ, ಸುಳಿವು ಸಿಕ್ಕೇ ಸಿಗುತ್ತೆ, ಆದರೆ ಒಳಗಿನ ಕೋಣೆಗೆ ಹೋಗೋ ಹಾಗಿಲ್ಲ. ರೈಟರ್ ಆದರೆ ಅಮಲ್ದಾರರ ಗುಮಾಸ್ತರಿಗೆ "ಸ್ವಾಮಿ", ಅವರ ಜೊತೆ ಬಂದ ಚಾಲಕನಿಗೆ "ಏನಯ್ಯಾ". ಪುಶ್ ಸೋತ ಕ್ಷಣದಲ್ಲಿ ಗುಮಾಸ್ತರಿಗೂ "ಏನಯ್ಯಾ" ಬಂದರೆ ಮೇಜಿನ ಸುತ್ತ ಎಲ್ಲರಿಗೂ ತಿಳಿಯುತ್ತೆ. ಅಂಕಿ ಹೇಳೋ ಅಗತ್ಯವೇ ಇಲ್ಲ.

ಫಾಸ್ಟ್ ಟಾಕ್, ಚಾರ್ಮ್, ಇಂಟಿಮಿಡೇಟ್, ಪರ್ಸ್ವೇಡ್ ನಾಲ್ಕರಲ್ಲಿ ಯಾವುದು ಅಂತ ಆಟಗಾರರನ್ನ ಕೇಳಬೇಡಿ. ಅವರು ಆಡಿದ ಮಾತು ಕೇಳಿ ನೀವೇ ಆರಿಸಿ. ಆಡೋಕೆ ಸಂಕೋಚ ಇರೋರು "ತಾಯಿಗೆ ಧೈರ್ಯ ಹೇಳಿ ವಿಷಯ ಕೇಳ್ತೀನಿ" ಅಂದರೂ ಸಾಕು, ಅದೂ ಆಟವೇ.

ಹಳೇಬಾಗಿಲು

ಕೊಡಗಿನ ಕಿತ್ತಳೆಯವರ ಮಾತಿಗೆ ಸೇರಿಸಿ ಒಂದು ಎಚ್ಚರಿಕೆ. 1926ರ ಊರು ಎಂದ ಮೇಲೆ ಜಾತಿ, ಅಸ್ಪೃಶ್ಯತೆ, ತೋಟದ ಆಳುಗಳ ಮೇಲಿನ ದಬ್ಬಾಳಿಕೆ ಎಲ್ಲವೂ ಹಿನ್ನೆಲೆಯಲ್ಲಿ ಇರುತ್ತದೆ. ಏಕವಚನದ ಆಟ ಆಡಿಸುವಾಗ ಅದು ಎಲ್ಲಿಗೆ ತಾಗುತ್ತದೆ ಎಂದು ಮೊದಲೇ ಮಾತಾಡಿ. ರಾನ್ ಎಡ್ವರ್ಡ್ಸ್ ಹೇಳಿದ ಗೆರೆ ಮತ್ತು ಪರದೆ ಇಲ್ಲಿ ಕೆಲಸಕ್ಕೆ ಬರುತ್ತದೆ: ಗೆರೆಯಾಚೆ ಇರುವುದು ಆಟದಲ್ಲಿ ಬರುವುದೇ ಇಲ್ಲ, ಪರದೆಯ ಹಿಂದೆ ಇರುವುದು ಕತೆಯಲ್ಲಿ ಇದ್ದರೂ ಮೇಜಿನ ಮೇಲೆ ವಿವರವಾಗಿ ಆಡುವುದಿಲ್ಲ. ಜಾತಿಯ ಬೈಗುಳ ಗೆರೆಯಾಚೆ, ತೋಟದೊಳಗಿನ ಹಿಂಸೆ ಪರದೆಯ ಹಿಂದೆ ಎಂದು ಇಟ್ಟುಕೊಂಡರೆ ಕತೆಯ ಭಯ ಒಂದಿಷ್ಟೂ ಕಡಿಮೆಯಾಗದು. ಜಾನ್ ಸ್ಟಾವ್ರೊಪೌಲಸ್ ಅವರ ಎಕ್ಸ್ ಕಾರ್ಡ್ ಕೂಡ ಇಡಿ: ಒಂದು ಚೀಟಿಯ ಮೇಲೆ ಗುಣಿಸು ಚಿಹ್ನೆ, ಯಾರು ಮುಟ್ಟಿದರೂ ಆ ವಿಷಯ ಅಲ್ಲಿಗೆ ಬಿಟ್ಟು ಮುಂದಕ್ಕೆ. ಕಾರಣ ಕೇಳುವಂತಿಲ್ಲ. ಹತ್ತು ನಿಮಿಷದ ಮಾತು. ನಾಲ್ವರಲ್ಲಿ ಯಾರೂ ಕಾರ್ಡ್ ಮುಟ್ಟದೆ ಇರಬಹುದು, ಆದರೂ ಅದು ಮೇಜಿನ ಮೇಲೆ ಇರಬೇಕು.

ಚೌಕಾಬಾರ

ಹತ್ತು ಮುಖದ ದಾಳ ಎರಡೇ ಜೊತೆ ಇರುತ್ತೆ ಸಾಮಾನ್ಯವಾಗಿ, ನಾಲ್ವರು ಕೈ ಬದಲಾಯಿಸ್ತಾ ಕೂತರೆ ಹೊತ್ತು ಹೋಗುತ್ತೆ. ಇಲ್ಲದಿದ್ದರೆ ಹೀಗೆ ಮಾಡಿ: 0ಯಿಂದ 9 ಬರೆದ ಹತ್ತು ಚೀಟಿ, ಒಂದೇ ಅಳತೆ, ಒಂದೇ ಮಡಿಕೆ, ಒಂದು ಸ್ಟೀಲ್ ಲೋಟದಲ್ಲಿ. ಇನ್ನೊಂದು ಲೋಟದಲ್ಲೂ ಹಾಗೇ. ಮೊದಲ ಲೋಟ ಹತ್ತರ ಸ್ಥಾನ, ಎರಡನೆಯದು ಬಿಡಿ. ಎರಡೂ 0 ಬಂದರೆ 100. ತೆಗೆದ ಚೀಟಿ ತಕ್ಷಣ ವಾಪಸ್ ಹಾಕಬೇಕು, ಇಲ್ಲದಿದ್ದರೆ ಸಾಧ್ಯತೆ ಕೆಡುತ್ತೆ. ಬೋನಸ್ ದಾಳ ಅಂದರೆ ಹತ್ತರ ಲೋಟದಿಂದ ಎರಡು ಸಲ ತೆಗೆದು ಕಡಿಮೆ ಮೊತ್ತ ಬರೋದನ್ನ ಇಟ್ಟುಕೊಳ್ಳೋದು, ಪೆನಾಲ್ಟಿ ಆದರೆ ಹೆಚ್ಚು ಬರೋದು.

ಲೂಡೋ ದಾಳ ಮಾತ್ರ ಇದ್ದರೆ: ಮೊದಲ ದಾಳ ಹಾಕಿ, 6 ಬಂದರೆ ಮತ್ತೆ ಹಾಕಿ, 1ರಿಂದ 5 ಸಿಗುತ್ತೆ. ಎರಡನೇ ದಾಳ ಸಮ ಬಂದರೆ 5 ಕೂಡಿಸಿ. 10 ಬಂದರೆ ಅದು 0. ಸರಿಯಾದ ಹತ್ತು ಮುಖದ ದಾಳ ಸಿಕ್ಕಿತು.

ಕವಡೆಯಲ್ಲಿ ಆಗುತ್ತಾ ಅಂತ ಯಾರಾದರೂ ಕೇಳೇ ಕೇಳ್ತಾರೆ. ಶೇಕಡಾ ಆಟಕ್ಕೆ ಆಗಲ್ಲ. ಆದರೆ ಮೇಲೆ ಹೇಳಿದ ಮೂರು ಮೆಟ್ಟಿಲಿನ ಆಟಕ್ಕೆ ಬಹಳ ಚೆನ್ನಾಗಿ ಕೂರುತ್ತೆ. ನಾಲ್ಕು ಕವಡೆ, ಅಂಗಾತ ಬೋರಲು ಸಮ ಬೀಳುತ್ತೆ ಅಂದರೆ 0 ಅಥವಾ 1 ಅಂಗಾತ ಶೇ. 31, 2 ಅಂಗಾತ 38, 3 ಅಥವಾ 4 ಅಂಗಾತ 31. ಎರಡು ದಾಳ +1ರ 28, 44, 28ಕ್ಕೆ ಹತ್ತಿರ. ನಾಲ್ಕೂ ಬೋರಲು ಬಿದ್ದರೆ ಚೌಕಾಬಾರದಲ್ಲಿ 8, ಇಲ್ಲಿ ಅದನ್ನ ದೊಡ್ಡ ಆಪತ್ತಿಗೆ ಇಟ್ಟುಕೊಳ್ಳಬಹುದು, 16ಕ್ಕೆ ಒಂದು ಸಲ. ತೊಂದರೆ ಏನಂದರೆ ಕವಡೆ ಸಮ ಬೀಳಲ್ಲ, ಬೆನ್ನಿನ ಉಬ್ಬು, ಬಾಯಿಯ ಅಗಲ ನೋಡಿ ಒಂದೊಂದು ಒಂದೊಂದು ಥರ. ಪ್ರತಿಯೊಂದನ್ನ 50 ಸಲ ಎಸೆದು ಎಣಿಸಿ. ಅಂಗಾತ 20ರಿಂದ 30ರೊಳಗೆ ಬಂದದ್ದನ್ನ ಇಟ್ಟುಕೊಳ್ಳಿ. ಒಂದು ಬದಿ ತೇದ ಹುಣಸೆ ಬೀಜಕ್ಕೂ ಇದೇ ಪರೀಕ್ಷೆ. ಚಾಪೆಯ ಮೇಲೆ ಒಂದು ಥರ, ಗಾರೆ ನೆಲದ ಮೇಲೆ ಒಂದು ಥರ ಬೀಳೋದರಿಂದ, ಆಡೋ ಜಾಗದಲ್ಲೇ ಎಸೆದು ನೋಡಿ.

ಮೂರು_ಎಳೆ

ಡಿ&ಡಿಯಿಂದ ಬರೋ ಇಬ್ಬರಿಗೆ ಶುರುವಲ್ಲೇ ಒಂದು ಮಾತು ಹೇಳಿಬಿಡಿ. ಇಲ್ಲಿ ಹಿಟ್ ಪಾಯಿಂಟ್ (ಏಟು ತಡೆಯೋ ಅಂಕ) ಅಂದರೆ ಕಾನ್ಸ್ಟಿಟ್ಯೂಷನ್ (ಮೈಗಟ್ಟು), ಸೈಜ್ (ಗಾತ್ರ) ಕೂಡಿಸಿ 10ರಿಂದ ಭಾಗಿಸಿದ್ದು, 11 ಅಥವಾ 12 ಇರುತ್ತೆ. .38 ರಿವಾಲ್ವರ್ ಏಟು ಹತ್ತು ಮುಖದ ಒಂದು ದಾಳ. ಒಂದೇ ಏಟಿಗೆ ಅರ್ಧ ಹೋದರೆ ದೊಡ್ಡ ಗಾಯ. ಎಷ್ಟು ಆಡಿದರೂ ಹಿಟ್ ಪಾಯಿಂಟ್ ಬೆಳೆಯಲ್ಲ. ಇದು ಗೊತ್ತಿಲ್ಲದೆ ಬಂದವರು ಮೊದಲ ಬಾಗಿಲಿಗೇ ಒದೀತಾರೆ, ಆಮೇಲೆ ಸತ್ತು ಒಂದು ಗಂಟೆ ಸುಮ್ಮನೆ ಕೂರಬೇಕಾಗುತ್ತೆ.

ಹೊತ್ತಿನ ಹಂಚಿಕೆ 210 ನಿಮಿಷಕ್ಕೆ: ಪಾತ್ರ ಕೊಟ್ಟು ನಿಯಮ ಹೇಳಲು 15, ಅಮಲ್ದಾರರ ಕಚೇರಿ 10, ಮನೆ ಅಂಗಡಿ ಚಾವಡಿ ಸೇರಿ 60, ತೋಟ 40, ಕಾಫಿಗೆ 15, ಪಾಳುಮನೆ 50. 20 ಕೈಯಲ್ಲಿ ಉಳಿಸಿಕೊಳ್ಳಿ. ಪಾತ್ರಗಳನ್ನ ಮೊದಲೇ ಮಾಡಿ ತನ್ನಿ, ಇಲ್ಲದಿದ್ದರೆ ಅದಕ್ಕೇ ಒಂದು ಗಂಟೆ. ಮನೆಯ ದೃಶ್ಯದಲ್ಲಿ 20 ನಿಮಿಷ ಯಾವ ಟಿಕ್ ಕೂಡ ಬೀಳದಿದ್ದರೆ ಗಾಡಿ ಹೊಡೆಯೋನನ್ನ ಬಾಗಿಲಿಗೆ ಕಳಿಸಿ, ಬಾಕಿ ಹಣ ಕೇಳೋಕೆ ಬಂದಿದ್ದಾನೆ ಅನ್ನಿ. ಸುಳಿವೇ ನಡೆದು ಬರಲಿ.

ಉದ್ರಿ ಪುಸ್ತಕದ ಪುಟ ಕೈಯಲ್ಲಿ ಕೊಡೋದು ಒಳ್ಳೆಯದು. ಎರಡು ಚಮಚ ಕಾಫಿಪುಡಿ, ಒಂದು ಲೋಟ ಬಿಸಿನೀರು, ಸೋಸಿ ಆರಿದ ಮೇಲೆ ಬಟ್ಟೆಯಿಂದ ಹಾಳೆಗೆ ಸವರಿ, ನೆರಳಲ್ಲಿ ಒಣಗಿಸಿ, ಮೇಲೊಂದು ಬಟ್ಟೆ ಹಾಕಿ ಇಸ್ತ್ರಿ ಮಾಡಿ. ಬರೆಯೋದು ಆಮೇಲೆ, ಮೊದಲೇ ಬರೆದರೆ ಶಾಯಿ ಹರಡುತ್ತೆ. 60 ಪದ ಮೀರಬಾರದು. ಒಬ್ಬರು ಓದ್ತಾ ಮೂವರು ಕಾಯೋದು ಬೇಡ ಅಂದರೆ ಎರಡು ಪ್ರತಿ ಮಾಡಿ. ಮೋಡಿ ಅಕ್ಷರದ ಥರ ಸುತ್ತಿ ಬರೆದರೆ ನೋಡೋಕೆ ಚೆಂದ, ಓದೋಕೆ ಆಗಲ್ಲ. ದುಂಡಗೆ ಬರೆಯಿರಿ.

ಕೀಪರ್_ಮಲೆನಾಡು

ಕೊನೆಯ ಪ್ರಶ್ನೆ. ಪಾಳುಮನೆಯಲ್ಲಿ ಸ್ಯಾನಿಟಿ (ಮನಸ್ಸಿನ ಸ್ಥಿಮಿತದ ಅಂಕ) ದಾಳ ಎಷ್ಟು ಸಲ? ನಾಲ್ಕು ಜಾಗದಲ್ಲಿ ಗುರುತು ಹಾಕಿದ್ದೇನೆ: ಬಾವಿಯ ವಾಸನೆ, ಗೋಡೆ ಮೇಲಿನ ಲೆಕ್ಕ, ಶ್ಯಾನುಭೋಗರು ಸಿಗೋದು, ಆಮೇಲೆ ನೆಲಮಾಳಿಗೆಯಲ್ಲಿ ಇರೋದು. ಸೋತು ಹುಚ್ಚು ಹಿಡಿದವರ ಕೈಯಲ್ಲಿ ಆಟ ತಪ್ಪಿ ಹೋಗಬಾರದು.

ಶೇಕಡಾಲೆಕ್ಕ

ವಾಸನೆಗೆ ಬೇಡ, ವರ್ಣಿಸಿ ಸಾಕು. ಗೋಡೆ ಮೇಲಿನ ಲೆಕ್ಕಕ್ಕೆ ಕಳೆಯೋ ಸ್ಯಾನಿಟಿ ಗೆದ್ದರೆ 0, ಸೋತರೆ 1. ಶ್ಯಾನುಭೋಗರಿಗೆ ಗೆದ್ದರೆ 0, ಸೋತರೆ ಆರುಮುಖದ ದಾಳದ ಅರ್ಧ, ಅಂದರೆ 1ರಿಂದ 3. ನೆಲಮಾಳಿಗೆಗೆ ಗೆದ್ದರೆ 1, ಸೋತರೆ ಆರುಮುಖದ ದಾಳ.

ಒಂದೇ ಸಲಕ್ಕೆ 5 ಅಥವಾ ಹೆಚ್ಚು ಹೋದರೆ ಮಾತ್ರ ಇಂಟೆಲಿಜೆನ್ಸ್ ದಾಳ, ಅದನ್ನ ಗೆದ್ದವರಿಗೇ ತಾತ್ಕಾಲಿಕ ಹುಚ್ಚು, ಯಾಕಂದರೆ ಕಂಡದ್ದು ಅವರಿಗೆ ಅರ್ಥವಾಯ್ತು. ಹೊಸಬರು ಇದನ್ನ ತಿರುಗಿಸಿ ಓದ್ತಾರೆ, ಗಮನ ಇರಲಿ. ಸ್ಯಾನಿಟಿ 50, ಇಂಟೆಲಿಜೆನ್ಸ್ 60 ಇರೋ ಪಾತ್ರಕ್ಕೆ ನೆಲಮಾಳಿಗೆಯಲ್ಲಿ ಸೋಲೋದು ಅರ್ಧ, ಅದರಲ್ಲಿ 5 ಅಥವಾ 6 ಬೀಳೋದು ಮೂರನೇ ಒಂದು, ಅದರಲ್ಲಿ ಅರ್ಥವಾಗೋದು 0.6. ಒಟ್ಟು ಶೇ. 10. ನಾಲ್ವರಲ್ಲಿ ಒಬ್ಬರಿಗಾದರೂ ಆಗೋದು 34. ನೆಲಮಾಳಿಗೆಯ ದಾಳವನ್ನ ಹತ್ತು ಮುಖದ್ದು ಮಾಡಿದರೆ ಒಬ್ಬೊಬ್ಬರಿಗೆ 18, ಒಬ್ಬರಿಗಾದರೂ 55. ಒಂದೇ ಸಲ ಕೂತು ಮುಗಿಸೋ ಆಟಕ್ಕೆ ಅದೇ ಸರಿ ಅನ್ನೋರು ಇದ್ದಾರೆ, ನಾನು ಆರುಮುಖದ ಕಡೆ.

ಹುಬ್ಬಳ್ಳಿ_ಜಿಎಂ

ಹತ್ತು ಮುಖದ್ದ ಹಾಕ್ರಿ. ಕೊನೀ ದೃಶ್ಯ, ಗಡಿಯಾರದಾಗ ಒಂದೋ ಎರಡೋ ಹೋಳು ಉಳದಿರ್ತಾವು, ಅಲ್ಲಿ ಒಬ್ಬಾಂವ ಲಾಟೀನ್ ಒಗದು ಓಡಿದ್ರ ಉಳಿದ ಮೂರೂ ಮಂದಿ ಪುಸ್ತಕ ಹಿಡೀಬೇಕೋ ಅವನ್ನ ಹಿಡೀಬೇಕೋ ಅಂತ ಆರಿಸಬೇಕಾಗ್ತೈತಿ. ಹುಚ್ಚು ಹಿಡದಾಂವನ ಪಾತ್ರ ನೀವು ಕಸಕೋಬ್ಯಾಡ್ರಿ, ಏನು ಮಾಡ್ತಾನ ಅಂತ ಅವನ್ನ ಕೇಳ್ರಿ. "ಕತ್ತಲಾಗ ಇರಾಕ ಆಗಂಗಿಲ್ಲ, ಬೆಂಕಿ ಹಚ್ತೇನಿ" ಅಂದ್ರ ಹಚ್ಚಲಿ, ಎರಡು ಹೋಳು ತುಂಬ್ರಿ.